ಮಹಾದೇವಪ್ಪನವರ ಸ್ಟೋರು ಹಸನು ಮಾಡಿದ ಮಳೆಗಾಲ

ಹೋದ ವಾರ ಕೊಪ್ಪಳದಲ್ಲಿ ಕೆಲಸ ಮುಗಿಸಿಕೊಂಡು ಹೊಸಪೇಟೆಯ ಬಸ್ಸು ಹತ್ತಿದ್ದೆ. ಗಿಣಿಗೇರಾದಲ್ಲಿ ಬಸ್ಸು ನಿಂತ ಹೊತ್ತಿಗೆ ಸರಿಯಾಗಿ ಮಳೆ ಹಿಡಿಯಿತು. ಕಿಟಕಿಯಿಂದ ಒಂದು ವಾಸನೆ ಒಳಗೆ ಬಂತು. ನೆನೆದ ಕಬ್ಬಿಣದ ಧೂಳು, ಕಲ್ಲಿದ್ದಲಿನ ಹೊಗೆ, ಎಲ್ಲೋ ಸ್ವಲ್ಪ ಗ್ರೀಸು. ಪಕ್ಕದಲ್ಲಿ ಕೂತಿದ್ದ ಹೆಣ್ಣುಮಗಳು ಸೆರಗಿನಿಂದ ಮೂಗು ಮುಚ್ಚಿಕೊಂಡು ಕಿಟಕಿ ಹಾಕಲು ಹೇಳಿದಳು. ಹಾಕಿದೆ. ಆದರೆ ಹೊಸಪೇಟೆ ಮುಟ್ಟುವವರೆಗೂ ನನ್ನ ತಲೆಯಲ್ಲಿ ಆ ಒಂದು ಮಳೆಗಾಲವೇ ಇತ್ತು.

ನಾನು ಯಲಬುರ್ಗಾ ತಾಲೂಕಿನ ಹಳ್ಳಿಯವಳು. ಒಕ್ಕಲುತನದ ಮನೆ. ಕೊಪ್ಪಳದಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ ವರ್ಷವೇ ಗಿಣಿಗೇರಾದ ಆಚೆಗಿನ ಒಂದು ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಯಂತ್ರದ ಹತ್ತಿರ ನಿಲ್ಲಬೇಕೆಂದು ಹೋದವಳನ್ನು ಯಂತ್ರದ ಬಿಡಿಭಾಗಗಳನ್ನು ಕಾಯುವ ಸ್ಟೋರಿಗೆ ಹಾಕಿದರು. ಸಹಾಯಕಿ ಎಂಬ ಹುದ್ದೆ. ಮೊದಲ ದಿನ ಆ ತಗಡಿನ ಶೆಡ್ಡಿನ ಬಾಗಿಲಲ್ಲಿ ನಿಂತಾಗ ನನಗೆ ಒಳಗೆ ಕಾಲಿಡಲು ಜಾಗ ಕಾಣಲಿಲ್ಲ.

ಉದ್ದನೆಯ ಶೆಡ್ಡು. ಕಿಟಕಿ ಎರಡೇ, ಅವಕ್ಕೂ ಅಡ್ಡವಾಗಿ ಪೆಟ್ಟಿಗೆಗಳು. ರ‍್ಯಾಕುಗಳಿದ್ದವು, ಆದರೆ ಅವುಗಳ ಮುಂದೆ ನೆಲದ ಮೇಲೂ ಅಷ್ಟೇ ಸಾಮಾನು. ಹರಿದ ಕನ್ವೇಯರ್ ಪಟ್ಟಿಯ ಸುರುಳಿಗಳು, ಸುಟ್ಟ ಮೋಟಾರುಗಳು, ಹಲ್ಲು ಮುರಿದ ಗೇರುಗಳು, ಯಾವುದೋ ಕಾಲದ ಕೈಗವಸುಗಳ ಚೀಲ. ಅವುಗಳ ನಡುವೆ ಒಬ್ಬರು ನಡೆಯುವಷ್ಟೇ ದಾರಿ, ಅದೂ ಸೊಟ್ಟ ಸೊಟ್ಟ. ಮಳೆ ಬಂದರೆ ಮೂರು ಕಡೆ ಸೋರುತ್ತಿತ್ತು.

ಆ ದಾರಿಯ ಕೊನೆಯಿಂದ ಮಹಾದೇವಪ್ಪನವರು ಬಂದರು. ಇರಕಲ್ಲಗಡದವರು, ಸ್ಟೋರ್ ಕೀಪರು, ಕಾರ್ಖಾನೆ ಶುರುವಾದಾಗಿನಿಂದ ಅಲ್ಲಿಯೇ ಇದ್ದವರು. ನಿವೃತ್ತಿಗೆ ಒಂದು ವರ್ಷಕ್ಕಿಂತ ಕಡಿಮೆ ಉಳಿದಿತ್ತು. ಬಿಳಿ ಅಂಗಿ, ಜೇಬಿನಲ್ಲಿ ಕನ್ನಡಕ. ಆ ಕನ್ನಡಕವನ್ನು ಹಾಕಿಕೊಂಡದ್ದನ್ನು ನಾನು ನೋಡಿದ್ದು ಕಡಿಮೆ. ಫಿಟ್ಟರುಗಳು ಕೌಂಟರಿನಲ್ಲಿ ನಿಂತು ಹೆಸರು ಹೇಳಿದರೆ ಸಾಕು, ಅವರು ಆ ಸೊಟ್ಟ ದಾರಿಯಲ್ಲಿ ಹೋಗಿ, ಕೈ ಹಾಕಿ, ಬೇಕಾದ ಬೇರಿಂಗನ್ನು ತಂದು ಇಡುತ್ತಿದ್ದರು. ಪುಸ್ತಕದಲ್ಲಿ ಏನು ಎಲ್ಲಿದೆ ಎಂಬುದು ಬರೆದಿರಲೇ ಇಲ್ಲ. ಎಲ್ಲವೂ ಅವರ ತಲೆಯಲ್ಲಿತ್ತು.

ತೊಂದರೆಯಾಗುತ್ತಿದ್ದದ್ದು ಅವರು ಇಲ್ಲದಾಗ. ಅವರು ರಜೆ ಹಾಕಿದ ದಿನ ಏನಾದರೂ ಬೇಕಾದರೆ ಫಿಟ್ಟರುಗಳೂ ಸೇರಿ ನಾವು ನಾಲ್ಕು ಜನ ಅರ್ಧ ದಿನ ಹುಡುಕುತ್ತಿದ್ದೆವು. ಸಿಗದಿದ್ದರೆ ಹುಬ್ಬಳ್ಳಿಯಿಂದ ಹೊಸದು ತರಿಸುತ್ತಿದ್ದರು, ಆಮೇಲೆ ಅಂಥವೇ ಮೂರು ಯಾವುದೋ ಚೀಲದ ಕೆಳಗೆ ಸಿಗುತ್ತಿದ್ದವು. ನಾನು ಸೇರಿದ ತಿಂಗಳೇ ಫಿಟ್ಟರ್ ಯಮನೂರಪ್ಪ ಒಳಗೆ ಬಂದವನು ಕಬ್ಬಿಣದ ಆ್ಯಂಗಲ್ ತುಂಡಿಗೆ ಎಡವಿ ಮೊಳಕಾಲ ಕೆಳಗೆ ಹೊಲಿಗೆ ಹಾಕಿಸಿಕೊಂಡ.

ಆ ವರ್ಷವೇ ಕಾರ್ಖಾನೆಗೆ ಹೊಸ ಮ್ಯಾನೇಜರರು ಬಂದಿದ್ದರು. ಮಿತಭಾಷಿ. ಒಂದು ದಿನ ಸ್ಟೋರಿನ ಬಾಗಿಲಲ್ಲಿ ನಿಂತು ಒಳಗೆ ನೋಡಿದರು, ಒಳಗೆ ಬರಲಿಲ್ಲ. ಆಯುಧ ಪೂಜೆಯೊಳಗೆ ಇದು ಸರಿಯಾಗಬೇಕು, ಇಲ್ಲದಿದ್ದರೆ ಹೊರಗಿನವರಿಗೆ ಒಪ್ಪಿಸಿ ಎಲ್ಲವನ್ನೂ ಗುಜರಿ ಲಾರಿಗೆ ಹಾಕಿಸುತ್ತೇನೆ, ಮಹಾದೇವಪ್ಪನವರನ್ನು ಗೇಟಿನ ಕೆಲಸಕ್ಕೆ ಕಳಿಸುತ್ತೇನೆ ಎಂದು ಹೇಳಿ ಹೋದರು.

ನನಗೆ ಒಳಗೊಳಗೇ ಖುಷಿಯಾಯಿತು. ಕೊನೆಗೂ ಮಾಡುವಂಥ ಒಂದು ಕೆಲಸ. ಆ ದಿನವೇ ಹಾಳೆಯ ಮೇಲೆ ಶೆಡ್ಡಿನ ನಕ್ಷೆ ಬರೆದು, ಯಾವ ರ‍್ಯಾಕು ಎಲ್ಲಿರಬೇಕು ಎಂದು ಗುರುತು ಹಾಕಿ ಮಹಾದೇವಪ್ಪನವರ ಮುಂದೆ ಇಟ್ಟೆ. ಅವರು ಹಾಳೆಯ ಕಡೆ ನೋಡಲೂ ಇಲ್ಲ.

“ನಿನ್ನೆ ಬಂದಾಕಿ ನೀನು. ಇಲ್ಲಿ ಒಂದು ನಟ್ಟು ಸತೇಕ ನನ್ನ ಕೇಳದ ಅಲುಗಬಾರದು,” ಎಂದರು. ಮತ್ತೆರಡು ಸಲ ಕೇಳಿದೆ. ಎರಡನೆಯ ಸಲ ಅವರು ಬೀಗದ ಕೈ ಗೊಂಚಲನ್ನು ನನ್ನ ಮೇಜಿನಿಂದ ತೆಗೆದು ತಮ್ಮ ಜೇಬಿನಲ್ಲಿಟ್ಟುಕೊಂಡರು.

ಶ್ರಾವಣದಲ್ಲಿ ಅವರು ಎರಡು ದಿನ ರಜೆ ಹಾಕಿದರು. ಬೀಗದ ಕೈ ಕೊಟ್ಟು ಹೋಗಲೇಬೇಕಾಯಿತು. ನಾನು ಮತ್ತು ಸ್ಟೋರಿನಲ್ಲಿ ಕಸ ಗುಡಿಸುವ, ಸಾಮಾನು ಹೊರುವ ಕೆಲಸಕ್ಕಿದ್ದ ಗಿಣಿಗೇರಾದ ಹನುಮವ್ವ ಸೇರಿ ಬಾಗಿಲಿನಿಂದ ಮೊದಲ ಸಾಲನ್ನು ಪೂರ್ತಿ ಖಾಲಿ ಮಾಡಿದೆವು. ರ‍್ಯಾಕನ್ನು ಒರೆಸಿ, ಗೋಡೆಯ ಬದಿಯಿಂದ ಎಳೆದು ಸಾಲಿಗೆ ನೇರವಾಗಿ ನಿಲ್ಲಿಸಿದೆವು. ನೆಲ ತೊಳೆದೆವು. ಆ ಸಿಮೆಂಟಿನ ಬಣ್ಣವನ್ನು ನಾನು ಅವತ್ತೇ ನೋಡಿದ್ದು. ಹನುಮವ್ವ ಮಾತ್ರ ಆ ಎರಡು ದಿನವೂ ಮುಖ ಸಣ್ಣ ಮಾಡಿಕೊಂಡಿದ್ದಳು. ಹಿರ್ಯಾರು ಬಂದ ಮ್ಯಾಲ ಮಾಡಿದ್ದರ ಆಗ್ತಿತ್ತು ಎಂದು ಎರಡು ಮೂರು ಸಲ ಹೇಳಿದಳು. ಬೈಗುಳಕ್ಕೆ ಹೆದರುತ್ತಾಳೆ ಅಂದುಕೊಂಡೆ.

ಮೂರನೆಯ ದಿನ ಬೆಳಿಗ್ಗೆ ಮಹಾದೇವಪ್ಪನವರು ಬಂದರು. ನಾನು ಕೌಂಟರಿನ ಹಿಂದೆ ನಿಂತು ಅವರ ಮುಖವನ್ನೇ ನೋಡುತ್ತಿದ್ದೆ. ಅವರು ಎಂದಿನಂತೆ ದಾಪುಗಾಲಲ್ಲಿ ಒಳಗೆ ನಡೆದರು, ಎಂದಿನ ಕಡೆ ಎಡಕ್ಕೆ ತಿರುಗಿದರು, ನಾವು ಎಳೆದು ನಿಲ್ಲಿಸಿದ್ದ ರ‍್ಯಾಕಿನ ಅಂಚಿಗೆ ನೇರವಾಗಿ ಹೋಗಿ ಹೊಡೆದುಕೊಂಡರು. ಹಣೆ ಒಡೆಯಿತು. ಬಿಳಿ ಅಂಗಿಯ ಮೇಲೆ ರಕ್ತ ಇಳಿಯಿತು.

ಅದು ಹಾಡಹಗಲು. ಅಲ್ಲಿ ಬೆಳಕು ಚೆನ್ನಾಗಿಯೇ ಇತ್ತು. ಆ ರ‍್ಯಾಕು ಅವರ ಎದುರಿಗೇ ಇತ್ತು.

ಓಡಿಹೋಗಿ ಅವರನ್ನು ಕೂರಿಸಿದೆ. ಹನುಮವ್ವ ನೀರು ತಂದಳು. ಹಣೆಗೆ ಬಟ್ಟೆ ಒತ್ತಿ ಹಿಡಿದುಕೊಂಡಿದ್ದಾಗ ನನಗೆ ಒಂದೊಂದೇ ತಿಳಿಯಿತು. ಅವರು ನಡೆಯುವಾಗ ಬೆರಳುಗಳು ಯಾವಾಗಲೂ ರ‍್ಯಾಕುಗಳಿಗೆ ತಾಗಿಕೊಂಡೇ ಇರುತ್ತಿದ್ದವು. ತುಟಿ ಅಲುಗುತ್ತಿತ್ತು, ಹೆಜ್ಜೆ ಎಣಿಸುತ್ತಿದ್ದರು. ನನ್ನ ನಕ್ಷೆಯನ್ನು ಅವರು ನೋಡದೇ ಇದ್ದದ್ದು ಸೊಕ್ಕಿನಿಂದಲ್ಲ.

ಅವರೂ ಇನ್ನು ಮುಚ್ಚಿಡಲಿಲ್ಲ. “ಸಕ್ಕರಿ ಕಾಯಿಲಿ ಐತಿ ನನಗ. ಬಲಗಣ್ಣು ಪೂರಾ ಹೋಗೇತಿ. ಎಡಗಣ್ಣಾಗ ಹೊಗಿ ತುಂಬಿದಂಗ ಕಾಣತೈತಿ. ಎರಡು ವರ್ಷ ಆತು,” ಎಂದರು. ಹಣೆಯ ಬಟ್ಟೆಯನ್ನು ತಾವೇ ಹಿಡಿದುಕೊಂಡು, “ಇದೆಲ್ಲಾ ಮೊದಲಿದ್ದಂಗ ಇಟ್ಟುಬಿಡವ್ವ. ಇನ್ನೊಂದು ಹತ್ತು ತಿಂಗಳು. ಆಮ್ಯಾಲ ನಿನಗ ತಿಳಿದಂಗ ಮಾಡು,” ಎಂದರು.

ಹನುಮವ್ವನ ಕಡೆ ನೋಡಿದೆ. ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು. ದಿನಾ ಅವರ ಚಹಾದ ಕಪ್ಪನ್ನು ಮೇಜಿನ ಅದೇ ಮೂಲೆಯಲ್ಲಿ, ಹಿಡಿಕೆ ಅದೇ ದಿಕ್ಕಿಗೆ ಬರುವಂತೆ ಇಡುತ್ತಿದ್ದವಳು ಅವಳು. ಯಾರಿಗೂ ಹೇಳಿರಲಿಲ್ಲ.

ಆ ಸಂಜೆ ನಾನೂ ಹನುಮವ್ವನೂ ರ‍್ಯಾಕನ್ನು ಹಳೆಯ ಜಾಗಕ್ಕೆ ತಳ್ಳಿದೆವು. ತೊಳೆದ ನೆಲದ ಮೇಲೆ ಹಳೆಯ ಚೀಲಗಳನ್ನು ಎಳೆದು ಹಾಕುವಾಗ ಅಳು ಬಂತು. ನಾಚಿಕೆಯೂ ಆಯಿತು. ಒಳ್ಳೆಯದು ಮಾಡುತ್ತೇನೆಂದು ಹೋಗಿ ಒಬ್ಬ ಹಿರಿಯ ಮನುಷ್ಯನ ಹಣೆ ಒಡೆದಿದ್ದೆ. ಆದರೆ ಹಾಗೆಯೇ ಬಿಟ್ಟರೆ ಆಯುಧ ಪೂಜೆಗೆ ಲಾರಿ ಬರುತ್ತದೆ, ಅವರು ಗೇಟಿಗೆ ಹೋಗುತ್ತಾರೆ. ಲಾರಿ, ಟಿಪ್ಪರುಗಳು ತಿರುಗುವ ಆ ಗೇಟಿನಲ್ಲಿ ಕಣ್ಣು ಕಾಣದವರು ಒಂದು ದಿನವೂ ನಿಲ್ಲುವ ಹಾಗಿರಲಿಲ್ಲ.

ಮರುದಿನ ಅವರ ಮುಂದೆ ಕೂತೆ. ಈ ಸಲ ಹಾಳೆ ತರಲಿಲ್ಲ. “ನೀವು ಹೇಳಿದಂಗ ಇಡೋಣ್ರಿ. ನಿಮ್ಮ ಕೈಗೆ ತಿಳಿಯುವಂಗ ಒಂದೊಂದೂ. ನಾನು ಬರೀ ಬರಕೋತೀನಿ,” ಎಂದೆ.

ಅವರು ತಕ್ಷಣ ಒಪ್ಪಲಿಲ್ಲ. ಯಾಕೆ ಎಲ್ಲವನ್ನೂ ಇಟ್ಟುಕೊಂಡಿದ್ದರೆಂದು ಅವತ್ತು ಬಹಳ ಹೊತ್ತು ಹೇಳಿದರು. ಕಾರ್ಖಾನೆ ಹೊಸದಿದ್ದಾಗ ಒಂದು ಬೇರಿಂಗ್ ಹೋದರೆ ಹೈದರಾಬಾದಿನಿಂದ ಬರಲು ವಾರ ಹಿಡಿಯುತ್ತಿತ್ತಂತೆ. ಆಗ ಹಳೆಯ ಮುರಿದ ಭಾಗವನ್ನೇ ಬೆಸೆದು, ಉಜ್ಜಿ, ಯಂತ್ರ ಓಡಿಸುತ್ತಿದ್ದರಂತೆ. ಅಂದಿನಿಂದ ಏನನ್ನೂ ಬಿಸಾಡುವ ಮನಸ್ಸು ಬರಲಿಲ್ಲ. ನಾನು ಕಸ ಎಂದು ನೋಡಿದ್ದೆಲ್ಲ ಒಂದು ಕಾಲದಲ್ಲಿ ಕಾರ್ಖಾನೆಯನ್ನು ನಡೆಸಿತ್ತು. ಹೇಳಿ ಮುಗಿಸಿದ ಮೇಲೆ ಅವರು ಎದ್ದು, ಗೋಡೆ ಹಿಡಿದು ಹೊರಗಿನ ಅಂಗಳಕ್ಕೆ ಬಂದು, ಒಂದು ಖಾಲಿ ಡ್ರಮ್ಮನ್ನು ಉರುಳಿಸಿ ಅದರ ಮೇಲೆ ಕೂತರು. “ತಗೊಂಡು ಬರ್ರಿ ಮತ್ತ,” ಎಂದರು.

ಹೀಗೆ ಶುರುವಾಯಿತು. ಬೆಳಿಗ್ಗೆ ನಾನೂ ಹನುಮವ್ವನೂ ಒಳಗಿನಿಂದ ಸಾಮಾನು ಹೊತ್ತು ತರುವುದು, ಒಂದೊಂದನ್ನೂ ಅವರ ಕೈಗೆ ಕೊಡುವುದು. ಅವರು ಬೆರಳಿನಿಂದ ಹಲ್ಲು ಎಣಿಸಿ, ಒಳಗಿನ ವ್ಯಾಸಕ್ಕೆ ಹೆಬ್ಬೆರಳು ಹಾಕಿ ನೋಡಿ, ಇದು ಯಾವ ಯಂತ್ರದ್ದು, ಆ ಯಂತ್ರ ಇನ್ನೂ ಇದೆಯೋ ಇಲ್ಲವೋ ಹೇಳುತ್ತಿದ್ದರು. ನಾನು ಬರೆದುಕೊಳ್ಳುತ್ತಿದ್ದೆ. ಅಂಗಳದಲ್ಲಿ ಮೂರು ರಾಶಿ ಬಿದ್ದವು. ಬೇಕಾದದ್ದು, ಬೇಡವಾದದ್ದು, ಇನ್ನೊಮ್ಮೆ ಕೇಳಬೇಕಾದದ್ದು. ಮೊದಲ ವಾರ ಮೂರನೆಯ ರಾಶಿಯೇ ಎಲ್ಲಕ್ಕಿಂತ ದೊಡ್ಡದು. ಒಂದು ಗೇರನ್ನು ಅವರು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಸವರಿದರು. ಮೊಟ್ಟಮೊದಲ ಕನ್ವೇಯರಿನದಂತೆ, ಆ ಕನ್ವೇಯರನ್ನು ಬಿಚ್ಚಿ ಎಷ್ಟೋ ವರ್ಷವಾಗಿತ್ತಂತೆ. ಕೊನೆಗೆ ತಾವೇ ಎದ್ದು ಅದನ್ನು ಬೇಡದ ರಾಶಿಗೆ ಎಸೆದರು. ಅದು ಬಿದ್ದ ಸದ್ದಿಗೆ ಹನುಮವ್ವ ಬೆಚ್ಚಿದಳು. ಅವತ್ತಿನಿಂದ ಕೆಲಸ ಬೇಗ ಬೇಗ ಸಾಗಿತು.

ಮಳೆ ನಮ್ಮನ್ನು ಬಿಡಲಿಲ್ಲ. ಆ ವರ್ಷ ಮಘೆ ಮಳೆ ಚೆನ್ನಾಗಿ ಆಯಿತು. ಊರಿನಿಂದ ಅಪ್ಪ ಫೋನಿನಲ್ಲಿ ಸಜ್ಜೆ ಬೆಳೆ ಹೇಗೆ ಎದ್ದಿದೆ ಎಂದು ಸಂತೋಷದಿಂದ ಹೇಳಿದರೆ, ನಾನು ಇಲ್ಲಿ ಮೋಡ ನೋಡಿ ರಾಶಿಗಳ ಮೇಲೆ ತಾಡಪತ್ರಿ ಎಳೆಯುತ್ತಿದ್ದೆ. ಅಂಗಳದ ಧೂಳು ಕಪ್ಪು ಕೆಸರಾಗಿ ಮೊಣಕಾಲಿನವರೆಗೆ ಹತ್ತುತ್ತಿತ್ತು. ಬಾಡಿಗೆ ಕೋಣೆಗೆ ಹೋಗಿ ಎಷ್ಟು ತಿಕ್ಕಿದರೂ ಉಗುರಿನ ಸಂದಿಯ ಕಪ್ಪು ಹೋಗುತ್ತಿರಲಿಲ್ಲ. ಆದರೆ ಆ ತಿಂಗಳು ನಾನು ಡಿಪ್ಲೊಮಾದ ಮೂರು ವರ್ಷಕ್ಕಿಂತ ಹೆಚ್ಚು ಕಲಿತೆ. ಬೇರಿಂಗನ್ನು ಕಿವಿಯ ಹತ್ತಿರ ಹಿಡಿದು ತಿರುಗಿಸಿದರೆ ಅದು ಸವೆದಿದೆಯೋ ಇಲ್ಲವೋ ತಿಳಿಯುತ್ತದೆ ಎಂದು ಕಲಿಸಿದವರು ಅವರು.

ಒಳಗೆ ಹೊಸ ಸಾಲುಗಳು ನಿಂತವು. ಎಲ್ಲ ಸಾಲೂ ನೇರ, ಎಲ್ಲ ದಾರಿಯೂ ಒಂದೇ ಅಗಲ, ಕೈಚಾಚಿದರೆ ಎರಡೂ ಬದಿ ತಾಗುವಷ್ಟು. ಪ್ರತಿ ಸಾಲಿನ ಮೊದಲ ಕಂಬಕ್ಕೆ ಸೊಂಟದ ಎತ್ತರದಲ್ಲಿ ನಟ್ಟುಗಳನ್ನು ಬೆಸೆಯಬೇಕೆಂದು ಯೋಚಿಸಿದೆವು. ಮೊದಲ ಸಾಲಿಗೆ ಒಂದು ನಟ್ಟು, ಎರಡನೆಯದಕ್ಕೆ ಎರಡು, ಹೀಗೆ. ಅಡ್ಡ ಪಟ್ಟಿಗಳ ಮೇಲೂ ಹಾಗೆಯೇ. ಬೆಸೆಯಲು ಯಮನೂರಪ್ಪನನ್ನು ಕರೆದೆ. ಕರೆಂಟು ಹೋದಾಗ ಅನುಕೂಲ ಎಂದು ಅವನಿಗೆ ಹೇಳಿದೆ. ಅವನು ಕೊನೆಯ ನಟ್ಟು ಬೆಸೆದು, ಬೆಸುಗೆಯ ಕನ್ನಡಕ ಮೇಲೆತ್ತಿ, ಮಹಾದೇವಪ್ಪನವರ ಕಡೆ ನೋಡಿ, ನಟ್ಟಿನ ಅಂಚುಗಳನ್ನು ಅರದಿಂದ ನುಣ್ಣಗೆ ಉಜ್ಜಿ ಕೊಟ್ಟ. ಅದನ್ನು ಅವನಿಗೆ ಯಾರೂ ಹೇಳಿರಲಿಲ್ಲ. ಉಳಿದವರಿಗಾಗಿ ಪ್ರತಿ ಖಾನೆಯ ಮೇಲೆ ನಾನು ಕನ್ನಡದಲ್ಲಿ ಹೆಸರು ಬರೆದು ಅಂಟಿಸಿದೆ.

ಬೇಡದ ರಾಶಿಯನ್ನು ಒಯ್ಯಲು ಲಾರಿ ನಾಲ್ಕು ಸಲ ಬಂತು. ಲಾರಿ ಹೋದ ಮೇಲೆ ಎರಡು ಕಿಟಕಿಗಳೂ ತೆರೆದವು.

ಆಯುಧ ಪೂಜೆಗೆ ಇನ್ನು ಮೂರು ದಿನ ಇತ್ತು. ಮಧ್ಯಾಹ್ನ ಊಟದ ನಂತರ ಮ್ಯಾನೇಜರರು ಸ್ಟೋರು ನೋಡಲು ಬಂದರು. ಅವರು ಕೌಂಟರಿನ ಹತ್ತಿರ ನಿಂತು ನಾನು ಬರೆದ ಪಟ್ಟಿಯನ್ನು ತಿರುವುತ್ತಿದ್ದಾಗ ಮುಗಿಲು ಕಪ್ಪಾಯಿತು. ಗಾಳಿ ಎದ್ದು ಕಿಟಕಿಗಳನ್ನು ಹಾಕಬೇಕಾಯಿತು. ತಗಡಿನ ಮೇಲೆ ಮಳೆ ಬಿದ್ದ ಸದ್ದಿಗೆ ಮಾತು ಕೇಳಿಸದಾಯಿತು. ಅಷ್ಟರಲ್ಲಿ ಕರೆಂಟು ಹೋಯಿತು. ಶೆಡ್ಡಿನ ಒಳಭಾಗ ಪೂರ್ತಿ ಕತ್ತಲು.

ಕಾರ್ಖಾನೆಯ ಕುಲುಮೆ ಎಂದರೆ ಮಲಗಿಸಿದ ಉದ್ದನೆಯ ಕೊಳವೆ. ಒಳಗೆ ಬೆಂಕಿ, ಅದಿರು. ಅದು ಸದಾ ನಿಧಾನವಾಗಿ ತಿರುಗುತ್ತಿರಬೇಕು. ಬಿಸಿ ಇದ್ದಾಗ ನಿಂತರೆ ತನ್ನ ಭಾರಕ್ಕೆ ತಾನೇ ಬಾಗುತ್ತದೆ. ಬಾಗಿದರೆ ತಿಂಗಳುಗಟ್ಟಲೆ ಕಾರ್ಖಾನೆ ಬಂದ್, ಹನುಮವ್ವನಂಥ ಗುತ್ತಿಗೆಯವರೆಲ್ಲ ಮನೆಗೆ. ಅದಕ್ಕೇ ಕರೆಂಟು ಹೋದ ಕೂಡಲೆ ಅದನ್ನು ತಿರುಗಿಸಲು ಒಂದು ಡೀಸೆಲ್ ಎಂಜಿನ್ ಇಟ್ಟಿದ್ದರು. ಅದು ಶುರುವಾದ ಸದ್ದು ನಮಗೆ ಕೇಳಿಸಿತು, ಕೇಳಿಸಿ ಸ್ವಲ್ಪ ಹೊತ್ತಿಗೆ ಎಂಜಿನ್ ಬಿರುಸಾಗಿ ಕೂಗತೊಡಗಿತು. ಮಳೆಯಲ್ಲಿ ತೊಯ್ದ ಯಮನೂರಪ್ಪ ಓಡಿ ಬಂದ. ಎಂಜಿನ್ನನ್ನು ಕುಲುಮೆಗೆ ಜೋಡಿಸುವ ಬೆಲ್ಟು ಹರಿದಿದೆ, ಕುಲುಮೆ ನಿಂತಿದೆ ಎಂದ.

ನಾನು ಟಾರ್ಚಿಗಾಗಿ ಮೇಜಿನ ಖಾನೆಗೆ ಕೈ ಹಾಕಿದೆ. ಮೊಬೈಲುಗಳನ್ನು ಮ್ಯಾನೇಜರರಿಂದ ಹಿಡಿದು ಎಲ್ಲರೂ ಗೇಟಿನಲ್ಲೇ ಕೊಟ್ಟು ಬರಬೇಕಿತ್ತು. ಮೊದಲನೆಯ ಖಾನೆಯಲ್ಲಿ ಟಾರ್ಚು ಇಲ್ಲ. ಎರಡನೆಯದರಲ್ಲೂ ಇಲ್ಲ. ಇಡೀ ಸ್ಟೋರನ್ನು ಹಸನು ಮಾಡಿದವಳು ನನ್ನ ಸ್ವಂತ ಮೇಜನ್ನು ಮಾಡಿರಲಿಲ್ಲ. ಕಾಗದ, ಪೆನ್ನು, ದಾರದ ಉಂಡೆಗಳ ನಡುವೆ ನಾನು ತಡಕಾಡುತ್ತಿದ್ದಾಗ ಮಹಾದೇವಪ್ಪನವರು ಯಮನೂರಪ್ಪನನ್ನು ಬೆಲ್ಟಿನ ಅಳತೆ ಕೇಳಿದ್ದು ಕಿವಿಗೆ ಬಿತ್ತು. ಆಮೇಲೆ ಅವರ ಚಪ್ಪಲಿಯ ಸದ್ದು ಕತ್ತಲೊಳಗೆ ಹೋಯಿತು. ಓಡಲಿಲ್ಲ, ತಡವರಿಸಲಿಲ್ಲ.

ನನ್ನ ಕೈಗೆ ಟಾರ್ಚು ಸಿಕ್ಕಾಗ ಅವರು ಬೆಲ್ಟುಗಳೊಂದಿಗೆ ಕೌಂಟರಿನಲ್ಲಿದ್ದರು. “ಜೋಡಿ ಕೊಟ್ಟೀನಿ. ಒಂದ ಹಾಕಬ್ಯಾಡ, ಎರಡೂ ಬದಲಿ ಮಾಡು,” ಎಂದು ಯಮನೂರಪ್ಪನ ಕೈಗಿಟ್ಟರು. ಅವನು ಓಡಿದ. ನಾವೆಲ್ಲ ಎಂಜಿನ್ನಿನ ಸದ್ದಿಗೇ ಕಿವಿಗೊಟ್ಟು ನಿಂತೆವು. ಎಷ್ಟೋ ಹೊತ್ತಾಯಿತು ಅನ್ನಿಸಿದ ಮೇಲೆ ಎಂಜಿನ್ನಿನ ಕೂಗು ಇಳಿದು, ಭಾರ ಎಳೆಯುವ ಸದ್ದಾಯಿತು. ಕುಲುಮೆ ತಿರುಗುತ್ತಿತ್ತು.

ಮ್ಯಾನೇಜರರು ಉಸಿರು ಬಿಟ್ಟು, ಅಂಥ ಕತ್ತಲಲ್ಲಿ ಹೇಗೆ ಕಂಡಿತು ಎಂದು ಕೇಳಿದರು. ನಾನು ನಟ್ಟುಗಳ ಬಗ್ಗೆ ಹೇಳಲು ಬಾಯಿ ತೆರೆದೆ. ಮಹಾದೇವಪ್ಪನವರು ನನ್ನ ಕಡೆ ಕೈಯೆತ್ತಿ ತಡೆದರು.

“ಸಾಹೇಬ್ರ, ಕತ್ತಲು ಬೆಳಕು ನನಗ ಎರಡೂ ಒಂದ ಆಗ್ಯಾವ್ರಿ. ಕಣ್ಣು ಕಾಣಂಗಿಲ್ಲ. ಇಷ್ಟು ದಿನ ಮುಚ್ಚಿಟ್ಟೀನಿ. ಇವತ್ತು ಹೇಳಾಕ ಅಂಜಿಕಿ ಇಲ್ಲ,” ಎಂದರು.

ಮ್ಯಾನೇಜರರು ಯಾವಾಗಿನಿಂದ ಎಂದು ಕೇಳಿದರು. ಯಾರಿಗೆ ಗೊತ್ತಿತ್ತು ಎಂದು ಕೇಳಿದರು. ನನಗೆ ಗೊತ್ತಿತ್ತು ಎಂದೆ. ಬಾಗಿಲ ಬಳಿ ನಿಂತಿದ್ದ ಹನುಮವ್ವ, ಕೇಳದಿದ್ದರೂ, ತನಗೂ ಗೊತ್ತಿತ್ತು ಎಂದಳು. ಹೇಳಬೇಕಾಗಿತ್ತು, ಕಾರ್ಖಾನೆಯಲ್ಲಿ ಹೀಗೆ ಮುಚ್ಚಿಟ್ಟರೆ ಯಾರದಾದರೂ ಜೀವ ಹೋಗಬಹುದು ಎಂದರು ಅವರು. ಆ ಮಾತು ನ್ಯಾಯವಾಗಿತ್ತು. ಅವರು ಪಟ್ಟಿಯನ್ನು ಕಂಕುಳಲ್ಲಿಟ್ಟುಕೊಂಡು ಮಳೆಯಲ್ಲೇ ಹೋದರು.

ಮೂರು ದಿನ ಏನೂ ಸುದ್ದಿ ಇಲ್ಲ. ಆ ಮೂರು ದಿನವೂ ಮಹಾದೇವಪ್ಪನವರು ಸ್ಟೋರಿಗೆ ಬಂದು, ಎಲ್ಲ ಸಾಲುಗಳಲ್ಲಿ ಒಮ್ಮೆ ನಡೆದು, ಕುರ್ಚಿಯಲ್ಲಿ ಕೂರುತ್ತಿದ್ದರು. ನನಗಿಂತ ಅವರೇ ಸಮಾಧಾನವಾಗಿದ್ದರು. ಆಯುಧ ಪೂಜೆಯ ಬೆಳಿಗ್ಗೆ ರ‍್ಯಾಕುಗಳಿಗೆಲ್ಲ ಚೆಂಡು ಹೂವು ಕಟ್ಟಿ, ಕುಂಬಳಕಾಯಿ ಒಡೆಯುವ ಹೊತ್ತಿಗೆ ಮ್ಯಾನೇಜರರು ಬಂದು ನಮಸ್ಕಾರ ಮಾಡಿ, ಒಂದು ಕಾಗದ ಕೊಟ್ಟರು. ನಾನೇ ಗಟ್ಟಿಯಾಗಿ ಓದಿದೆ. ಮಹಾದೇವಪ್ಪನವರು ನಿವೃತ್ತಿಯವರೆಗೆ ಸ್ಟೋರಿನಲ್ಲೇ ಇರುವುದು, ಒಬ್ಬರೇ ಶೆಡ್ಡಿನ ಹೊರಗೆ ಅಂಗಳಕ್ಕಾಗಲಿ ಯಂತ್ರಗಳ ಬಳಿಗಾಗಲಿ ಹೋಗದಿರುವುದು, ಗಂಗಾವತಿಯ ಕಣ್ಣಿನ ಆಸ್ಪತ್ರೆಗೆ ಕಾರ್ಖಾನೆಯ ಗಾಡಿಯಲ್ಲಿ ಕರೆದೊಯ್ಯುವುದು, ಸ್ಟೋರಿನ ಜವಾಬ್ದಾರಿ ಇಂದಿನಿಂದ ನನ್ನದು. ಕೊನೆಯ ಸಾಲನ್ನು ಇನ್ನೊಮ್ಮೆ ಓದಿದೆ. ಹನುಮವ್ವ ನನ್ನ ಹಣೆಗೂ ಒಂದಿಷ್ಟು ಕುಂಕುಮ ಹಚ್ಚಿದಳು.

ಆಸ್ಪತ್ರೆಯಲ್ಲಿ ಬಲಗಣ್ಣಿಗೆ ಏನೂ ಮಾಡಲಾಗದು ಎಂದರು. ಎಡಗಣ್ಣಿನಲ್ಲಿ ಉಳಿದಿದ್ದಷ್ಟನ್ನು ಉಳಿಸಿಕೊಟ್ಟರು. ಅಷ್ಟೇ ಸಾಕಾಯಿತು ಅವರಿಗೆ. ಆ ಚಳಿಗಾಲದಲ್ಲಿ ಬೇರೆ ಕಾರ್ಖಾನೆಗಳಿಂದ ಕೆಲವರು ನಮ್ಮ ಸ್ಟೋರು ನೋಡಲು ಬಂದರು. ನೇರವಾದ ಸಾಲುಗಳನ್ನು ನೋಡಿ, ಪಟ್ಟಿ ನೋಡಿ, ಯಾವ ಕಂಪನಿಯವರು ಮಾಡಿಕೊಟ್ಟರು ಎಂದು ಕೇಳುತ್ತಿದ್ದರು. ಮಹಾದೇವಪ್ಪನವರು ಕುರ್ಚಿಯಿಂದಲೇ ನನ್ನ ಕಡೆ ಬೆರಳು ತೋರಿಸುತ್ತಿದ್ದರು, ನಾನು ಅವರ ಕಡೆ. ಯಲಬುರ್ಗಾದ ಹಳ್ಳಿಯ ಹುಡುಗಿ, ಗಿಣಿಗೇರಾದ ಕೂಲಿಯ ಹೆಣ್ಣುಮಗಳು, ಕಣ್ಣಿಲ್ಲದ ಒಬ್ಬ ಸ್ಟೋರ್ ಕೀಪರು. ಹೆಮ್ಮೆಪಡಲು ನನ್ನ ಬದುಕಿನಲ್ಲಿ ಆಮೇಲೆ ಬೇರೆ ಕಾರಣಗಳೂ ಬಂದವು. ಈಗ ಕುಷ್ಟಗಿಯಲ್ಲಿ ಬೀಜದ ದೊಡ್ಡ ಗೋದಾಮೊಂದನ್ನು ನೋಡಿಕೊಳ್ಳುತ್ತೇನೆ. ಆದರೂ ಆ ತಗಡಿನ ಶೆಡ್ಡಿನ ಮಾತು ಬಂದರೆ ನನ್ನ ಬೆನ್ನು ತಾನಾಗಿಯೇ ನೆಟ್ಟಗಾಗುತ್ತದೆ.

ಬೇಸಿಗೆಯ ಕೊನೆಗೆ ಅವರ ನಿವೃತ್ತಿಯಾಯಿತು. ಕ್ಯಾಂಟೀನಿನಲ್ಲಿ ಶಾಲು ಹೊದಿಸಿದರು, ಮ್ಯಾನೇಜರರು ಮಾತಾಡಿದರು. ಅವರನ್ನು ಮಾತಾಡಿ ಎಂದಾಗ ಎದ್ದು ನಿಂತು, ಇಷ್ಟು ವರ್ಷ ಸಾಮಾನು ಕಾಯ್ದೆ, ಕಡೆಯ ವರ್ಷ ಕೆಲಸ ಮಾಡಿದೆ ಎಂದಷ್ಟೇ ಹೇಳಿ ಕೂತರು. ಕೆಲವರು ನಕ್ಕರು. ಅವರು ನಗಲಿಲ್ಲ.

ಅವರ ಮಗ ಇರಕಲ್ಲಗಡದಿಂದ ಕರೆದೊಯ್ಯಲು ಬಂದಿದ್ದ. ಹೊರಡುವ ಮೊದಲು ಅವರು ಇನ್ನೊಮ್ಮೆ ಸ್ಟೋರಿನವರೆಗೆ ಬಂದರು. ಒಳಗೆ ಹೋಗಲಿಲ್ಲ, ಬಾಗಿಲ ಚೌಕಟ್ಟಿಗೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತರು. ಗೇಟಿನವರೆಗೆ ಬರುತ್ತೇನೆಂದು ಅವರ ತೋಳು ಹಿಡಿದುಕೊಂಡು ನಾಲ್ಕು ಹೆಜ್ಜೆ ನಡೆದಿದ್ದೆ. ಅವರು ನಿಂತು ಕಿವಿ ಹಿಂದಕ್ಕೆ ಕೊಟ್ಟರು. ನನಗೇನೂ ಕೇಳಿಸಿರಲಿಲ್ಲ.

“ನೀ ಬರಬ್ಯಾಡ. ಕೌಂಟರಿನಾಗ ಯಾರೋ ಬಂದು ನಿಂತಾರ, ಹೋಗು,” ಎಂದರು.

ತಿರುಗಿ ನೋಡಿದೆ. ಒಬ್ಬ ಫಿಟ್ಟರು ಕೈಯಲ್ಲಿ ಚೀಟಿ ಹಿಡಿದು ನಿಂತಿದ್ದ. ಅವರ ತೋಳನ್ನು ಮಗನ ಕೈಗೆ ಕೊಟ್ಟು ನಾನು ಒಳಗೆ ಹೋದೆ.